ಟೆಕ್ ಹುಚ್ಚಿನವರು, ಸುಮ್ನೆ ಕಂಪ್ಯೂಟರ್ ಬಳಸುವವರು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಬೀದಿಯಲ್ಲಾಗಲಿ ನೆಂಟರಲ್ಲಾಗಲಿ, ಯಾರ ಕಂಪ್ಯೂಟರ್ ಕೈಕೊಟ್ಟರೂ ಫೋನ್ ನನಗೇ ಬರುತ್ತದೆ. ಹದಿನೈದು ವರ್ಷದಿಂದ ಹೀಗೇ ನಡೆದಿದೆ. ನಾನು ಇಂಜಿನಿಯರ್ ಅಲ್ಲ, ರಿಪೇರಿ ಅಂಗಡಿಯೂ ಇಟ್ಟಿಲ್ಲ. ಚಿಕ್ಕಂದಿನಿಂದ ಇದರ ಹುಚ್ಚು ಹಿಡಿದಿದೆ ಅಷ್ಟೇ. ಹಾಗೆ ಹೋದಲ್ಲೆಲ್ಲ ಜನ ನನ್ನನ್ನು ಕೇಳುವ ಪ್ರಶ್ನೆಗಳಿವು. ಉತ್ತರ ನನ್ನ ಅನುಭವದ್ದು.

ನಿಮ್ಮಂಥವರಿಗೂ ನಮ್ಮಂಥವರಿಗೂ ಏನು ವ್ಯತ್ಯಾಸ? ನಿಮಗೆ ಜಾಸ್ತಿ ಗೊತ್ತು, ಅಷ್ಟೇ ಅಲ್ವಾ?

ಅಷ್ಟೇ ಅಲ್ಲ. ನೀವು ಕರೆದಾಗ ನಾನು ನೋಡುವ ಸಮಸ್ಯೆಗಳಲ್ಲಿ ಅರ್ಧಕ್ಕರ್ಧ ನನಗೂ ಹೊಸವು. ಉತ್ತರ ತಲೆಯಲ್ಲಿ ಇಟ್ಟುಕೊಂಡು ಬಂದಿರುವುದಿಲ್ಲ. ನಿಮ್ಮ ಮುಂದೆ ಕೂತೇ ಹುಡುಕುತ್ತೇನೆ.

ಹೋದ ವರ್ಷ ಪಕ್ಕದ ಮನೆಯವರು ಕರೆದಿದ್ದರು. ಮಗಳ ಅರ್ಜಿಗೆ ಹಾಕಬೇಕಾದ ಪಿಡಿಎಫ್ ಸೇವ್ ಆಗುತ್ತಿರಲಿಲ್ಲ. "ಏನಂತ ಬರುತ್ತೆ?" ಎಂದು ಕೇಳಿದೆ. "ಏನೋ ಬರುತ್ತೆ, ಓಕೆ ಒತ್ತಿದರೆ ಹೋಗುತ್ತೆ" ಎಂದರು. ನನ್ನೆದುರೇ ಮತ್ತೆ ಸೇವ್ ಒತ್ತಿದರು. ಪುಟ್ಟ ಚೌಕ ಬಂತು. ಕಣ್ಣು ಅದರ ಮೇಲೆ ಹೋಗುವ ಮೊದಲೇ ಬೆರಳು ಓಕೆ ಒತ್ತಿಬಿಟ್ಟಿತ್ತು. ಮೂರನೇ ಸಲ ಕೈ ಹಿಡಿದು ನಿಲ್ಲಿಸಿ ಓದಿದೆವು. ಅದೇ ಫೈಲ್ ಇನ್ನೊಂದು ಪ್ರೋಗ್ರಾಂನಲ್ಲಿ ತೆರೆದಿದೆ, ಮುಚ್ಚಿ ಬನ್ನಿ ಎಂದಿತ್ತು. ಮುಚ್ಚಿದರು, ಸೇವ್ ಆಯಿತು.

ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಬುದ್ಧಿಯೂ ಕಡಿಮೆ ಇಲ್ಲ, ಬ್ಯಾಂಕಿನಲ್ಲಿ ಕೆಲಸ ಮಾಡಿದವರು. ಆದರೆ ಅವರಿಗೆ ಆ ಚೌಕ ಬೈಗುಳದ ಹಾಗೆ ಕೇಳಿಸುತ್ತದೆ. ಬೈಸಿಕೊಳ್ಳುವವರು ಆದಷ್ಟು ಬೇಗ ಅದು ಮುಗಿಯಲಿ ಎಂದು ನೋಡುತ್ತಾರೆ. ನಮಗೆ ಅದೇ ಚೌಕ ಸುಳಿವು. ಅಲ್ಲಿ ನಿಂತು ಓದುತ್ತೇವೆ. ನಾನು ಕಂಡ ದೊಡ್ಡ ವ್ಯತ್ಯಾಸ ಇದೇ. ಮಿಕ್ಕಿದ್ದೆಲ್ಲ ಇದರ ಹಿಂದೆ ಬರುತ್ತದೆ.

ಓದಿದರೂ ಅರ್ಥ ಆಗುವುದಿಲ್ಲವಲ್ಲ, ಏನು ಮಾಡಲಿ?

ನನಗೂ ಎಷ್ಟೋ ಸಲ ಆಗುವುದಿಲ್ಲ. ಅರ್ಥ ಆಗಬೇಕಿಲ್ಲ, ಅಕ್ಷರ ತಪ್ಪದೆ ಬೇರೆಯವರಿಗೆ ತಲುಪಿದರೆ ಸಾಕು. ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ. "ಏನೋ ಎರರ್" ಎಂದರೆ ಯಾರಿಗೂ ಏನೂ ಹೇಳಲು ಆಗದು. ಇದ್ದದ್ದು ಇದ್ದ ಹಾಗೆ ಹುಡುಕಿದರೆ, ಜಗತ್ತಿನ ಯಾವುದೋ ಮೂಲೆಯಲ್ಲಿ ಇನ್ನೊಬ್ಬರು ಅದೇ ಗೋಡೆಗೆ ತಲೆ ಚಚ್ಚಿಕೊಂಡು ದಾರಿ ಕಂಡುಕೊಂಡಿರುತ್ತಾರೆ.

ವಿಂಡೋಸ್‌ನಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ಅನುಕೂಲ ಇದೆ. ಮಾಮೂಲಿ ಎರರ್ ಚೌಕ ಬಂದಾಗ ಕಂಟ್ರೋಲ್ ಸಿ ಒತ್ತಿ. ಅದರಲ್ಲಿರುವ ಮಾತೆಲ್ಲ ಕಾಪಿ ಆಗುತ್ತದೆ. ಹುಡುಕುವ ಜಾಗದಲ್ಲಿ ಪೇಸ್ಟ್ ಮಾಡಿದರೆ ಆಯಿತು. ಇದನ್ನು ತೋರಿಸಿದಾಗಲೆಲ್ಲ ಜನರ ಮುಖ ಅರಳುತ್ತದೆ.

ಏನೋ ಒತ್ತಲು ಹೋಗಿ ಹಾಳಾದರೆ?

ಈ ಭಯ ಸುಳ್ಳಲ್ಲ. "ಏನೂ ಆಗಲ್ಲ, ಒತ್ತಿ" ಎಂದು ನಾನು ಹೇಳುವುದಿಲ್ಲ. ಕೆಲವು ಸಲ ಆಗುತ್ತದೆ. ಹುಚ್ಚಿನವರಿಗೆ ಧೈರ್ಯ ಜಾಸ್ತಿ ಎಂದು ನೀವು ಅಂದುಕೊಂಡಿದ್ದೀರಿ. ನಿಜವಾಗಿ ಅವರಿಗೆ ಗೊತ್ತಿರುವುದು ಯಾವುದನ್ನು ವಾಪಸ್ ತರಬಹುದು, ಯಾವುದನ್ನು ತರಲಾಗದು ಎನ್ನುವುದು.

ವಾಪಸ್ ಬರುವವು ಬಹಳ. ತಪ್ಪಾಗಿ ಅಳಿಸಿದ ಸಾಲು ಕಂಟ್ರೋಲ್ ಝಡ್ ಒತ್ತಿದರೆ ಬರುತ್ತದೆ. ಬ್ರೌಸರ್‌ನಲ್ಲಿ ಮುಚ್ಚಿಹೋದ ಟ್ಯಾಬ್ ಕಂಟ್ರೋಲ್ ಶಿಫ್ಟ್ ಟಿ ಒತ್ತಿದರೆ ಬರುತ್ತದೆ. ಕಂಪ್ಯೂಟರಿನಿಂದ ಡಿಲೀಟ್ ಮಾಡಿದ ಫೈಲ್ ಸಾಮಾನ್ಯವಾಗಿ ರೀಸೈಕಲ್ ಬಿನ್‌ನಲ್ಲಿ ಕಾಯುತ್ತಿರುತ್ತದೆ.

ಬಾರದವು ಕೆಲವೇ. ಆದರೆ ಅವನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಪೆನ್‌ಡ್ರೈವ್‌ನಿಂದ ಡಿಲೀಟ್ ಮಾಡಿದ್ದು ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ, ನೇರ ಹೋಗಿಬಿಡುತ್ತದೆ. ಇದು ಗೊತ್ತಿಲ್ಲದೆ ಮದುವೆ ಫೋಟೋ ಕಳೆದುಕೊಂಡವರನ್ನು ಕಂಡಿದ್ದೇನೆ. ಶಿಫ್ಟ್ ಹಿಡಿದು ಡಿಲೀಟ್ ಮಾಡಿದ್ದೂ ಹಾಗೇ. ಫಾರ್ಮ್ಯಾಟ್ ಎಂಬ ಮಾತು ಎಲ್ಲಿ ಕಂಡರೂ ಕೈ ಹಿಂದಕ್ಕೆ ತೆಗೆಯಿರಿ. ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಅಳಿಸಿದ್ದನ್ನು ಕಷ್ಟಪಟ್ಟು ಹೊರತೆಗೆಯಬಹುದಿತ್ತು. ಈಗಿನ ಎಸ್‌ಎಸ್‌ಡಿಗಳು, ಅಂದರೆ ತಿರುಗುವ ತಟ್ಟೆ ಇಲ್ಲದ ಹೊಸ ಬಗೆಯ ಡಿಸ್ಕುಗಳು, ಅಳಿಸಿದ ಜಾಗವನ್ನು ತಾವಾಗಿಯೇ ಗುಡಿಸಿಬಿಡುತ್ತವೆ. ಅಲ್ಲಿ ಸಿಗುವ ಆಸೆ ತುಂಬಾ ಕಡಿಮೆ.

ನನಗೂ ಈ ಪಾಠ ಕಲಿತ ದಿನ ನೆನಪಿದೆ. ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಅನ್ನು ಮೊದಲ ಸಲ ಹಾಕುವಾಗ ಡಿಸ್ಕಿನ ಯಾವ ಭಾಗ ಎಂದು ಕೇಳಿತು. ಅವಸರದಲ್ಲಿ ತಪ್ಪು ಭಾಗ ಆರಿಸಿದೆ. ಅಪ್ಪ ಸ್ಕ್ಯಾನ್ ಮಾಡಿಸಿ ಇಟ್ಟಿದ್ದ ಹಳೆಯ ಫೋಟೋಗಳು ಅದರಲ್ಲಿದ್ದವು. ಅಪ್ಪ ಒಂದು ಮಾತೂ ಆಡಲಿಲ್ಲ. ಅಂದಿನಿಂದ ಯಾರ ಕಂಪ್ಯೂಟರ್ ಮುಟ್ಟುವ ಮೊದಲೂ ನಾನು ಕೇಳುವ ಮೊದಲ ಪ್ರಶ್ನೆ, "ಇದರಲ್ಲಿರುವುದರ ಇನ್ನೊಂದು ಪ್ರತಿ ಎಲ್ಲಿದೆ?"

ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಬರೆದ ಹಳೆಯ ಫೈಲ್ ಮೊಬೈಲ್‌ನಲ್ಲಿ ತೆರೆದರೆ ವಿಚಿತ್ರ ಅಕ್ಷರ ಬರುತ್ತದೆ. ಯಾಕೆ?

ಈ ಪ್ರಶ್ನೆ ನನಗೆ ತುಂಬಾ ಇಷ್ಟ. ಹುಚ್ಚಿನವರು ಹೇಗೆ ಯೋಚಿಸುತ್ತಾರೆ ಎನ್ನುವುದು ಇದರಲ್ಲಿ ಚೆನ್ನಾಗಿ ಕಾಣುತ್ತದೆ.

ನಮ್ಮೂರಿನ ನಿವೃತ್ತ ಮೇಷ್ಟ್ರೊಬ್ಬರು ಊರಿನ ಕಥೆಯನ್ನೆಲ್ಲ ಬರೆದಿಟ್ಟಿದ್ದಾರೆ. ಮುನ್ನೂರಕ್ಕೂ ಜಾಸ್ತಿ ಪುಟ, ಎಲ್ಲ ಸ್ವಂತ ಬೆರಳಚ್ಚು. ಮಗಳಿಗೆ ಕಳಿಸಿದರೆ ಅವಳ ಫೋನಿನಲ್ಲಿ ಕನ್ನಡವೇ ಇಲ್ಲ. "ಕನ್ನಡ" ಎಂದು ಇರಬೇಕಾದ ಕಡೆ ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಗೆರೆ ಎಳೆದ ಎ, ಆಮೇಲೆ ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಗೆರೆಯ ಎ. ಮೇಷ್ಟ್ರು ಫೈಲ್‌ಗೆ ವೈರಸ್ ಬಡಿದಿದೆ ಎಂದುಕೊಂಡು ರಾತ್ರಿ ನಿದ್ದೆ ಮಾಡಿರಲಿಲ್ಲ.

ವೈರಸ್ ಅಲ್ಲ. ಆ ಫೈಲಿನಲ್ಲಿ ಮೊದಲಿನಿಂದಲೂ ಕನ್ನಡ ಇರಲೇ ಇಲ್ಲ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಪಿ ಅಕ್ಷರದ ಮನೆಯಲ್ಲಿ "ಕ"ದ ಮೈ, ಗೆರೆಯ ಎ ಮನೆಯಲ್ಲಿ ತಲೆಕಟ್ಟು, ಪೌಂಡಿನ ಮನೆಯಲ್ಲಿ "ನ"ದ ಮೈ. ಎರಡು ಚೂರು ಅಕ್ಕಪಕ್ಕ ಕೂತಾಗ ಕಣ್ಣಿಗೆ "ಕ" ಕಾಣುತ್ತದೆ. ಕಂಪ್ಯೂಟರಿಗೆ ಮಾತ್ರ ಅದು ಪಿ ಮತ್ತು ಎ. ಆ ಫಾಂಟ್ ಇಲ್ಲದ ಫೋನಿನಲ್ಲಿ ವೇಷ ಕಳಚುತ್ತದೆ.

ಎಲ್ಲ ಭಾಷೆಯ ಅಕ್ಷರಗಳಿಗೂ ನಂಬರ್ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆ ಮಾಡಿದ್ದು ಬೇರೆ. ಕನ್ನಡದ "ಕ"ಗೇ ಒಂದು ಸ್ವಂತ ನಂಬರ್ ಕೊಟ್ಟಿತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಸೇರಿತ್ತು. ನಮಗಾಗಿ 128 ಮನೆಗಳ ಒಂದು ಕೇರಿ ಇದೆ. ಹಾಗೆ ಬರೆದದ್ದನ್ನು ಯಾವ ಫೋನಿನಲ್ಲೂ ಓದಬಹುದು, ಹುಡುಕಬಹುದು, ಅಕಾರಾದಿಯಲ್ಲಿ ಜೋಡಿಸಬಹುದು.

ಮಾಮೂಲಿ ಬಳಕೆದಾರರಿಗೆ ಪರದೆ ಮೇಲೆ "ಕ" ಕಂಡರೆ ಮುಗಿಯಿತು. ಹುಚ್ಚಿನವರು ಕೇಳುವುದು, "ಒಳಗೆ ಏನಿದೆ?" ಮೇಷ್ಟ್ರ ಹತ್ತಿರ ನಾನು ಮಾಡಿದ್ದು ಇಷ್ಟೇ. ಒಂದು ಪದವನ್ನು ಆಯ್ದು ಫಾಂಟ್ ಬದಲಾಯಿಸಿ ತೋರಿಸಿದೆ. ಕನ್ನಡ ಮಾಯವಾಗಿ ಪಿ, ಎ, ಪೌಂಡ್ ಬಂತು. ಮತ್ತೆ ಹಳೆಯ ಫಾಂಟ್ ಹಾಕಿದೆ, ಕನ್ನಡ ಬಂತು. ಅವರು ನನ್ನ ಕೈಯಿಂದ ಮೌಸ್ ಇಸಕೊಂಡು ಅದನ್ನೇ ಹತ್ತು ಸಲ ಮಾಡಿ ನೋಡಿದರು.

ಆಮೇಲೆ ಫೈಲನ್ನು ಯೂನಿಕೋಡಿಗೆ ಬದಲಾಯಿಸಿದೆವು. ಅದಕ್ಕೆ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಾಯಿಸಿದ ಮೇಲೆ ಒಮ್ಮೆ ಕಣ್ಣಾಡಿಸಿ. ಅರ್ಕಾವತ್ತು, ಒತ್ತಕ್ಷರದಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ಉಳಿಯುತ್ತದೆ.

ಹಾಗಾದ್ರೆ ಡಿಟಿಪಿ ಅಂಗಡಿಯವರು ಇನ್ನೂ ಹಳೆಯದನ್ನೇ ಯಾಕೆ ಬಳಸುತ್ತಾರೆ? ಗೊತ್ತಿಲ್ಲವೇ?

ಚೆನ್ನಾಗಿ ಗೊತ್ತಿದೆ. ಅವರನ್ನು ತಪ್ಪು ತಿಳಿಯಬೇಡಿ. ಪುಟ ವಿನ್ಯಾಸಕ್ಕೆ ಅವರು ಬಳಸುವ ಪೇಜ್‌ಮೇಕರ್, ಹಳೆಯ ಕೋರೆಲ್‌ಡ್ರಾಗಳಿಗೆ ಯೂನಿಕೋಡ್ ಕನ್ನಡದ ಒತ್ತಕ್ಷರ ಜೋಡಿಸಲು ಬರುತ್ತಿರಲಿಲ್ಲ. ಹತ್ತಾರು ವರ್ಷದ ಕೆಲಸ, ನೂರಾರು ಕರೆಯೋಲೆಯ ಮಾದರಿ, ಅಂದದ ಫಾಂಟ್ ಎಲ್ಲ ಹಳೆಯದರಲ್ಲಿದೆ. ನಾಳೆ ಬೆಳಿಗ್ಗೆ ಗ್ರಾಹಕರಿಗೆ ಪ್ರಿಂಟ್ ಕೊಡಬೇಕಾದವರಿಗೆ ಅದು ಸರಿಯಾದ ಲೆಕ್ಕವೇ. ನಮ್ಮ ಹುಚ್ಚಿನವರು ಇಲ್ಲಿ ತಪ್ಪುತ್ತಾರೆ. ಹೊಸದು ಒಳ್ಳೆಯದು ಎಂದು ಗೊತ್ತಾದ ಮೇಲೂ ಬದಲಾಯಿಸದವರನ್ನು ಸೋಮಾರಿಗಳು ಎನ್ನುತ್ತಾರೆ. ಬದಲಾವಣೆಗೆ ಬೀಳುವ ಖರ್ಚು ಯಾರ ಜೇಬಿನದು ಎಂದು ನೋಡುವುದಿಲ್ಲ.

"ಸಾಫ್ಟ್‌ವೇರ್" ಎಂದು ಬರೆಯಲು ಹೋದರೆ ಟ ಕೆಳಗೆ ವ ಒತ್ತು ಬಂದುಬಿಡುತ್ತದೆ.

ಬಹಳ ಜನರಿಗೆ ಬರುತ್ತದೆ. ಅರ್ಧಾಕ್ಷರದ ನಂತರ ವ್ಯಂಜನ ಬಂದರೆ ಅದನ್ನು ಒತ್ತು ಮಾಡುವುದು ಕನ್ನಡದ ನಿಯಮ, ಕಂಪ್ಯೂಟರ್ ಅದನ್ನೇ ಪಾಲಿಸುತ್ತದೆ. ಬೇಡ ಎನ್ನಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇಡಬೇಕು. ಅದಕ್ಕೆ ಅಗಲವೇ ಇಲ್ಲ, ಮುದ್ರಿಸಿದರೂ ಕಾಣದು. ಸೇರಬೇಡಿ ಎಂದು ಎರಡು ಅಕ್ಷರಗಳ ನಡುವೆ ನಿಲ್ಲುವುದಷ್ಟೇ ಅದರ ಕೆಲಸ. ಈ ಕಾಣದ ಅಕ್ಷರದ ಬಗ್ಗೆ ಗೊತ್ತಾದ ದಿನ ನನಗೆ ಹಬ್ಬ ಆದ ಹಾಗಾಗಿತ್ತು. ಯಾವ ಕೀ ಒತ್ತಿದರೆ ಬರುತ್ತದೆ ಎನ್ನುವುದು ಕೀಬೋರ್ಡಿನಿಂದ ಕೀಬೋರ್ಡಿಗೆ ಬೇರೆ. ನಿಮ್ಮದರ ಸಹಾಯದ ಪುಟ ನೋಡಿ.

ಸೆಟ್ಟಿಂಗ್ಸ್ ಒಳಗೆ ಹೋಗಿ ಏನೇನೋ ಬದಲಾಯಿಸುತ್ತೀರಲ್ಲ, ಅದೆಲ್ಲ ಬೇಕಾ?

ಎಲ್ಲ ಬೇಕಿಲ್ಲ. ಬಣ್ಣ, ಥೀಮು, ಐಕಾನು ನಮ್ಮ ಖುಷಿಗೆ. ಎರಡನ್ನು ಮಾತ್ರ ನಾನು ಎಲ್ಲರ ಮನೆಯಲ್ಲೂ ಮಾಡಿಬರುತ್ತೇನೆ.

ಒಂದು, ಬ್ರೌಸರಿನ ನೋಟಿಫಿಕೇಶನ್. "ಕಂಪ್ಯೂಟರಿಗೆ ವೈರಸ್ ಬಂದಿದೆ" ಎಂದು ಮೂಲೆಯಲ್ಲಿ ಮತ್ತೆ ಮತ್ತೆ ಬರುವುದು ಬಹಳ ಸಲ ವೈರಸ್ ಅಲ್ಲವೇ ಅಲ್ಲ. ಯಾವುದೋ ವೆಬ್‌ಸೈಟು "ಅಲೋ" ಕೇಳಿದಾಗ ನೀವು ಒತ್ತಿದ್ದೀರಿ. ಆ ಅನುಮತಿ ತೆಗೆದರೆ ಅಲ್ಲಿಗೆ ನಿಲ್ಲುತ್ತದೆ.

ಎರಡು, ಫೈಲ್ ಹೆಸರಿನ ಬಾಲ. ವಿಂಡೋಸ್ ಅದನ್ನು ತಾನಾಗಿಯೇ ಮುಚ್ಚಿಡುತ್ತದೆ. ಬಾಲ ನೋಡಿದರೆ ತಾನೇ ಅದು ಫೋಟೋನಾ, ಪಿಡಿಎಫ್ಫಾ, ಪ್ರೋಗ್ರಾಮಾ ಎಂದು ಗೊತ್ತಾಗುವುದು? ಮುಚ್ಚಿಟ್ಟರೆ ಕಳ್ಳನಿಗೆ ಅನುಕೂಲ. ಹೆಸರಿನ ನಡುವೆಯೇ ಪಿಡಿಎಫ್ ಎಂದು ಬರೆದು, ನಿಜವಾದ ಬಾಲವನ್ನು ಇಎಕ್ಸ್‌ಇ ಮಾಡಿ ಕಳಿಸುತ್ತಾನೆ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ ಒಳಗೆ ಹೋಗಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಮುಂದೆ ಟಿಕ್ ಹಾಕಿ. ಫೋನಿನಲ್ಲೂ ಇದೇ ಎಚ್ಚರ ಬೇಕು. ಈಗ ವಾಟ್ಸಾಪಿನಲ್ಲಿ ಮದುವೆ ಕರೆಯೋಲೆ ಎಂದು ಬರುವ ಮೋಸದ ಫೈಲಿನ ಕೊನೆಯಲ್ಲಿ ಎಪಿಕೆ ಎಂದಿರುತ್ತದೆ. ಕರೆಯೋಲೆ ಫೋಟೋ ಆಗಿರಬಹುದು, ಪಿಡಿಎಫ್ ಆಗಿರಬಹುದು. ಎಪಿಕೆ ಎಂದರೆ ಅದು ಆ್ಯಪ್. ಕರೆಯೋಲೆ ಯಾಕೆ ಆ್ಯಪ್ ಆಗಿರಬೇಕು? ಮುಟ್ಟಬೇಡಿ. ಮುಟ್ಟಿ ಹಣ ಹೋಗಿದ್ದರೆ ನಾಚಿಕೆ ಪಟ್ಟು ಕೂರಬೇಡಿ, ಆ ಕ್ಷಣವೇ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ಕೈಗೆ ಸಿಗುವುದು ಕಷ್ಟ.

ಪಾಸ್‌ವರ್ಡ್ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ತಪ್ಪಾ?

ಮನೆಯ ಬೀರುವಿನಲ್ಲಿ ಇದ್ದರೆ ದೊಡ್ಡ ತಪ್ಪೇನಲ್ಲ. ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಇದು ನೂರು ಪಾಲು ಮೇಲು. ನಾವು ಪಾಸ್‌ವರ್ಡ್‌ಗಳನ್ನು ಭದ್ರವಾಗಿ ಇಟ್ಟುಕೊಳ್ಳುವ ಬಿಟ್‌ವಾರ್ಡನ್, ಕೀಪಾಸ್‌ನಂಥ ಪ್ರೋಗ್ರಾಂ ಬಳಸುತ್ತೇವೆ. ಆಗುವುದಾದರೆ ನೀವೂ ಬಳಸಿ.

ವಿಂಡೋಸ್ 10 ನಿಂತಿತು. "ಲಿನಕ್ಸ್ ಹಾಕು" ಎನ್ನುತ್ತಾನೆ ಅಣ್ಣನ ಮಗ. ಹಾಕಲಾ?

2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಸಪೋರ್ಟ್ ಮುಗಿಯಿತು. ಮನೆ ಬಳಕೆಯವರು ಹೆಸರು ನೋಂದಾಯಿಸಿದರೆ ಮುಂದೆ ಒಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಸಿಗುವ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ಮಾಡಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತೆಯ ವ್ಯವಸ್ಥೆ ಕಂಪ್ಯೂಟರಿನಲ್ಲಿ ಇರಬೇಕು, ಪ್ರೊಸೆಸರ್ ಕೂಡ ತುಂಬಾ ಹಳೆಯದಾಗಿರಬಾರದು. ಹಾಗಾಗಿ ಚೆನ್ನಾಗಿ ಓಡುತ್ತಿರುವ ಎಷ್ಟೋ ಕಂಪ್ಯೂಟರುಗಳು ಅದಕ್ಕೆ ಹೋಗಲಾಗದೆ ನಿಂತಿವೆ.

ಅಣ್ಣನ ಮಗ ಹೇಳುವುದು ಸುಳ್ಳಲ್ಲ. ನನ್ನ ಕಂಪ್ಯೂಟರಿನಲ್ಲೂ ಲಿನಕ್ಸ್ ಇದೆ. ಅವನಿಗೆ ಅದು ಹಬ್ಬ, ನಿಮಗೆ ಅದು ಬದಲಾವಣೆ. ಮೊದಲು ನಿಮ್ಮ ಕೆಲಸ ಏನು ನೋಡಿ. ಲೆಕ್ಕಪತ್ರಕ್ಕೆ ಟ್ಯಾಲಿ ಬಳಸುತ್ತೀರಾ, ಕಚೇರಿಗೆ ಡಿಜಿಟಲ್ ಸಹಿ ಹಾಕುತ್ತೀರಾ? ಹಾಗಿದ್ದರೆ ವಿಂಡೋಸ್ ಬಿಡಬೇಡಿ. ಬ್ರೌಸರು, ಯೂಟ್ಯೂಬು, ಪತ್ರ ಬರೆಯುವುದು, ಫೋಟೋ ನೋಡುವುದು ಇಷ್ಟೇ ಆದರೆ ಲಿನಕ್ಸಿನಲ್ಲೇ ಒಂದು ಬಗೆಯಾದ ಲಿನಕ್ಸ್ ಮಿಂಟ್ ಸಾಕು. ಪೆನ್‌ಡ್ರೈವ್‌ನಿಂದ ಓಡಿಸಿ ನೋಡಬಹುದು, ಡಿಸ್ಕನ್ನು ಮುಟ್ಟುವುದೇ ಬೇಡ. ಒಂದು ವಾರ ಹಾಗೆ ಬಳಸಿ ಆಮೇಲೆ ಹೇಳಿ.

ಕನ್ನಡ ಟೈಪಿಂಗ್ ಹೋಗಿಬಿಡುತ್ತದೆ ಎಂಬ ಹೆದರಿಕೆ ಬೇಡ. ಕೆ.ಪಿ. ರಾವ್ ರೂಪಿಸಿದ, ನುಡಿಯಲ್ಲಿ ನೀವು ಕಲಿತ ಆ ವಿನ್ಯಾಸ ಲಿನಕ್ಸ್‌ನಲ್ಲಿ ಕಗಪ ಎಂಬ ಹೆಸರಿನಲ್ಲಿ ಮೊದಲೇ ಇರುತ್ತದೆ. ಕೆ ಒತ್ತಿದರೆ ಕ, ಶಿಫ್ಟ್ ಕೆ ಒತ್ತಿದರೆ ಖ. ಬೆರಳಿಗೆ ಏನೂ ಮರೆಯುವ ಕೆಲಸವಿಲ್ಲ.

ಕಂಪ್ಯೂಟರ್ ಸ್ಲೋ ಆಗಿದೆ. ಹೊಸದು ತಗೋಬೇಕಾ?

ಒಳಗೆ ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಮೊದಲು ಎಸ್‌ಎಸ್‌ಡಿ ಹಾಕಿಸಿ. ಬೆಂಗಳೂರಿನವರಾದರೆ ಕಂಪ್ಯೂಟರ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಒಂದು ಸುತ್ತು ಹೋಗಿಬನ್ನಿ. ಡೇಟಾ ಪ್ರತಿ ಮಾಡಿಕೊಂಡೇ ಹೋಗಿ.

ಗೊತ್ತಿರುವವರನ್ನು ಕರೆದರೆ ಮೌಸ್ ಕಿತ್ತುಕೊಂಡು ಟಕಟಕ ಏನೋ ಮಾಡಿ ಎದ್ದು ಹೋಗುತ್ತಾರೆ. ನಾವು ಕಲಿಯುವುದು ಯಾವಾಗ?

ಈ ದೂರು ನ್ಯಾಯವಾದದ್ದು. ನಾನೂ ಹಾಗೇ ಮಾಡುತ್ತಿದ್ದೆ.

ನಮ್ಮ ಚಿಕ್ಕಮ್ಮ ವಿದ್ಯುತ್ ಬಿಲ್ ಕಟ್ಟುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾರೆ. "1. ನೀಲಿ ಗುಂಡು ಒತ್ತು. 2. ಎಡಗಡೆ ಮೂರು ಗೆರೆ. 3. ಎರಡನೇ ಸಾಲು." ಒಂದು ದಿನ ಆ ಪುಟದ ರೂಪ ಬದಲಾಯಿತು. ಮೂರು ಗೆರೆ ಬಲಕ್ಕೆ ಹೋಯಿತು. ಚಿಕ್ಕಮ್ಮ ಮುಕ್ಕಾಲು ಗಂಟೆ ಎಡಗಡೆ ಹುಡುಕಿದ್ದಾರೆ. ನಾನು ಹೋಗಿ ಎರಡು ಸೆಕೆಂಡಿನಲ್ಲಿ ಒತ್ತಿದೆ. ಚಿಕ್ಕಮ್ಮನಿಗೆ ಖುಷಿ ಆಗಲಿಲ್ಲ. "ನಿಂಗೆ ಹೆಂಗೆ ಗೊತ್ತಾಯ್ತು?" ಎಂದು ಕೇಳಿದರು. ಉತ್ತರ ಹೇಳಲು ಬರಲಿಲ್ಲ.

ಆಮೇಲೆ ಯೋಚಿಸಿದೆ. ಚಿಕ್ಕಮ್ಮನ ತಲೆಯಲ್ಲಿ ಇದ್ದದ್ದು ಜಾಗ, ನನ್ನ ತಲೆಯಲ್ಲಿ ಇದ್ದದ್ದು ಅರ್ಥ. ಮೂರು ಗೆರೆ ಎಂದರೆ ಒಳಗೆ ಪಟ್ಟಿ ಇದೆ ಎಂದು ನನಗೆ ಗೊತ್ತು, ಆದ್ದರಿಂದ ಅದು ಎಲ್ಲಿ ಹೋದರೂ ಕಣ್ಣು ಹಿಡಿಯುತ್ತದೆ. ಅವರಿಗೆ ಯಾರೂ ಅರ್ಥ ಹೇಳಿರಲಿಲ್ಲ, ಜಾಗ ಮಾತ್ರ ತೋರಿಸಿದ್ದರು. ತೋರಿಸಿದವನು ನಾನೇ.

ಈಗ ನನ್ನದು ಒಂದೇ ನಿಯಮ. ಕಲಿಸುವಾಗ ಕೈ ಹಿಂದೆ ಕಟ್ಟಿಕೊಂಡು ಕೂರುತ್ತೇನೆ. ಮೌಸ್ ಅವರ ಕೈಯಲ್ಲೇ ಇರಬೇಕು. ಒತ್ತುವ ಮೊದಲು "ಇದು ಏನಿರಬಹುದು?" ಎಂದು ಕೇಳುತ್ತೇನೆ. ತಪ್ಪು ಒತ್ತಿದರೆ ವಾಪಸ್ ಬರುವ ದಾರಿ ಹೇಳುತ್ತೇನೆ. ನಾಲ್ಕು ಪಟ್ಟು ಹೊತ್ತು ಹಿಡಿಯುತ್ತದೆ. ಚಿಕ್ಕಮ್ಮನ ನೋಟ್‌ಬುಕ್ಕಿನಲ್ಲಿ ಈಗ "ಮೂರು ಗೆರೆ ಅಂದ್ರೆ ಪಟ್ಟಿ, ಎಲ್ಲಿದ್ರೂ ಹುಡುಕು" ಎಂದಿದೆ.

ಇನ್ನೊಂದು ಮಾತು. ಕಾರಣವಿಲ್ಲದೆ ಆ ಗೆರೆಗಳನ್ನು ಎಡದಿಂದ ಬಲಕ್ಕೆ ಸರಿಸಿದವರದೂ ತಪ್ಪಿದೆ. ಬಳಸಲು ಬಾರದಿದ್ದರೆ ಬಳಸುವವರದೇ ತಪ್ಪು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಈ ಹುಚ್ಚಿನಿಂದ ಬೇರೆಯವರಿಗೆ ಏನಾದ್ರೂ ಉಪಯೋಗ ಇದೆಯಾ?

ನೀವು ಫೋನಿನಲ್ಲಿ ಕನ್ನಡ ಓದುತ್ತಿದ್ದೀರಲ್ಲ, ಅದರ ಹಿಂದೆ ಇಂಥವರ ಕೆಲಸವೂ ಇದೆ. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟ್ ಬಂದಿತ್ತು. ಆದರೆ ಒತ್ತಕ್ಷರ ಸರಿಯಾಗಿ ಕೂರಬೇಕಾದರೆ ಸೆಟ್ಟಿಂಗ್ಸ್‌ನ ಆಳದಲ್ಲಿ ಒಂದು ಟಿಕ್ ಹಾಕಿ ವಿಂಡೋಸ್ ಸಿ.ಡಿ. ತೂರಿಸಬೇಕಿತ್ತು. ಆ ಟಿಕ್ ಎಲ್ಲಿದೆ ಎಂದು ಹುಡುಕಿ, ಚಿತ್ರ ಸಮೇತ ಬರೆದು ಊರಿಗೆಲ್ಲ ಹಂಚಿದವರು ಸಂಬಳಕ್ಕೆ ಮಾಡಲಿಲ್ಲ. ಶೇಷಾದ್ರಿ ವಾಸು ಅವರ "ಬರಹ" ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ 1998ರಲ್ಲಿ ಬಂತು, ಎಷ್ಟೋ ಮನೆಗಳಲ್ಲಿ ಮೊದಲ ಕನ್ನಡ ಪತ್ರ ಅದರಲ್ಲೇ ಮೂಡಿತು. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳಿವೆ. ವಚನ ಸಂಚಯ ಎಂಬ ವೆಬ್‌ಸೈಟಿನಲ್ಲಿ ಒಂದು ಪದ ಕೊಟ್ಟರೆ ಅದು ಯಾವ ಯಾವ ವಚನದಲ್ಲಿದೆ ಎಂದು ಕಣ್ಣ ಮುಂದೆ ಬರುತ್ತದೆ. ಭಾಷೆಯ ಮೇಲಿನ ಪ್ರೀತಿಗೆ ಈ ಹುಚ್ಚು ಸೇರಿದ್ದರಿಂದ ಆದದ್ದು ಇವು.

ನನಗೆ ಇದರಲ್ಲಿ ಆಸಕ್ತಿಯೇ ಇಲ್ಲ. ಆದರೂ ಎಷ್ಟು ಗೊತ್ತಿರಬೇಕು?

ಆಸಕ್ತಿ ಇಲ್ಲದಿರುವುದು ತಪ್ಪೇ ಅಲ್ಲ. ಮಿಕ್ಸಿ ಬಳಸುವವರೆಲ್ಲ ಮೋಟಾರ್ ಬಿಚ್ಚಬೇಕಿಲ್ಲ. ನಿಮ್ಮ ಫೈಲ್ ಎಲ್ಲಿ ಸೇವ್ ಆಗುತ್ತದೆ ಎಂದು ತಿಳಿದಿರಲಿ. ಮುಖ್ಯವಾದದ್ದರ ಪ್ರತಿ ಇನ್ನೊಂದು ಕಡೆ ಇರಲಿ, ಆಗುವುದಾದರೆ ಒಂದು ಪ್ರತಿ ಮನೆಯಿಂದ ಹೊರಗೂ ಇರಲಿ. ಓಟಿಪಿ ಯಾರಿಗೂ ಹೇಳಬೇಡಿ. ಚೌಕ ಬಂದರೆ ಓದಿ. ನನ್ನ ಮಟ್ಟಿಗೆ ಇಷ್ಟು ಸಾಕು.

ವಯಸ್ಸಾಯಿತು. ಈಗ ಶುರು ಮಾಡಿದರೆ ಬರುತ್ತದಾ?

ಮೇಷ್ಟ್ರಿಗೆ ಎಪ್ಪತ್ತು ದಾಟಿದೆ. ಫೈಲ್ ಯೂನಿಕೋಡ್ ಆದ ಮೂರು ದಿನಕ್ಕೆ ಫೋನ್ ಮಾಡಿದರು. ಇನ್ನೇನೋ ಕೆಟ್ಟಿದೆ ಎಂದುಕೊಂಡು ಹೋದೆ. ಏನೂ ಕೆಟ್ಟಿರಲಿಲ್ಲ. ಕಂಟ್ರೋಲ್ ಎಫ್ ಒತ್ತಿ ತಮ್ಮ ತಾಯಿಯ ಹೆಸರು ಬರೆದು ತೋರಿಸಿದರು. ಮುನ್ನೂರು ಪುಟದಲ್ಲಿ ಹನ್ನೊಂದು ಕಡೆ ಹಳದಿ ಬಣ್ಣ ಬಂತು. "ನಾಲ್ಕೇ ಸಲ ಬರೆದಿದ್ದೇನೆ ಅಂದ್ಕೊಂಡಿದ್ದೆ" ಎಂದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು, ಅದೇ ಹೆಸರನ್ನು ಎರಡು ಥರ ಬರೆದಿರುವ ಕಡೆಗಳನ್ನೂ ಒಟ್ಟಿಗೇ ಹುಡುಕುವುದು ಹೇಗೆ ಎಂದು ಕೇಳಿದರು.